ಪೆಡಲ್ ಮೇಲೆ ಕಾಲು ದುಡಿಯುವುದು ಎಲ್ಲಿ?

ಸೈಕಲ್ ರೇಸಿಗೆ ಇಳಿಯುವ ಮಕ್ಕಳಿಗೆ ಮೊದಮೊದಲೇ ಸಿಗುವ ಉಪದೇಶ ಒಂದಿದೆ: ‘ಬರೀ ಕೆಳಗೆ ತುಳೀಬೇಡ, ಸುತ್ತು ತಿರುಗಿಸು.’ ಪೆಡಲ್ ಇಳಿಯುವಾಗ ಒತ್ತಬೇಕು, ತಳಕ್ಕೆ ಬಂದಾಗ ಬೂಟಿಗೆ ಅಂಟಿದ ಕೆಸರನ್ನು ನೆಲಕ್ಕೆ ಕೆರೆಯುವ ಹಾಗೆ ಹಿಂದಕ್ಕೆಳೆಯಬೇಕು, ಹಿಂಬದಿಯಲ್ಲಿ ಮೇಲಕ್ಕೆತ್ತಬೇಕು, ನೆತ್ತಿಯಲ್ಲಿ ಮುಂದಕ್ಕೆ ದಬ್ಬಬೇಕು. ಕೆಸರು ಕೆರೆಯುವ ಮಾತು ಮೂರು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಹೆಸರಿನ ಜೊತೆಯಲ್ಲೇ ದೇಶ ದೇಶ ಸುತ್ತಿದೆ.

ಕೇಳುವುದಕ್ಕೆ ಇದು ತೀರ ಸರಿ ಎನಿಸುತ್ತದೆ. ಸುತ್ತಿನುದ್ದಕ್ಕೂ ಬಲ ಹಾಕುವವನು ಅರ್ಧ ಸುತ್ತು ಮಾತ್ರ ಬಲ ಹಾಕುವವನಿಗಿಂತ ಮುಂದಿರಬೇಕಲ್ಲವೇ? ಪೆಡಲಿಗೂ ಕ್ರ್ಯಾಂಕಿಗೂ ಮಾಪಕ ಕೂರಿಸಿ ಅಳೆದವರಿಗೆ ಕಂಡದ್ದೇ ಬೇರೆ. ಗೆಲ್ಲುವ ಸವಾರರು ಮುಂದಿರುವುದು ಕೆಳಗೆ ತುಳಿಯುವುದರಲ್ಲಿ. ಮೇಲೆ ಬರುವ ಕಾಲಿಗೆ ಎತ್ತುವ ಕೆಲಸ ಹಚ್ಚಬೇಕಿಲ್ಲ, ಅದು ಇನ್ನೊಂದು ಕಾಲಿಗೆ ಹೊರೆಯಾಗದಿದ್ದರೆ ಸಾಕು. ಇಷ್ಟು ಸರಳ ವಿಷಯ ನಮ್ಮ ತರಬೇತಿಯ ಮೈದಾನಗಳಿಗೆ ಇನ್ನೂ ಸರಿಯಾಗಿ ಇಳಿದಿಲ್ಲ ಎಂಬುದೇ ನನ್ನ ಕಳವಳ.

ಮೊದಲು ಬಲದ ಲೆಕ್ಕ ನೋಡೋಣ. ಮಾಮೂಲಿ ರೇಸ್ ಸೈಕಲ್ಲಿನ ಕ್ರ್ಯಾಂಕ್ 172.5 ಮಿಲಿಮೀಟರ್ ಉದ್ದ ಎಂದುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಸುಮಾರು 1.08 ಮೀಟರ್ ದಾರಿ ಸಾಗಿರುತ್ತದೆ. ಸವಾರ ನಿಮಿಷಕ್ಕೆ 90 ಸುತ್ತಿನಂತೆ ತುಳಿಯುತ್ತ 250 ವಾಟ್ ಶಕ್ತಿ ಕೊಡುತ್ತಿದ್ದರೆ, ಎರಡೂ ಕಾಲು ಸೇರಿ ಸುತ್ತಿನ ದಿಕ್ಕಿನಲ್ಲಿ ಹಾಕುವ ಸರಾಸರಿ ಬಲ 154 ನ್ಯೂಟನ್. ಅಂದರೆ 16 ಕಿಲೋ ತೂಕಕ್ಕಿಂತ ತುಸು ಕಡಿಮೆ. ಅದೇ 250 ವಾಟನ್ನು ನಿಮಿಷಕ್ಕೆ 60 ಸುತ್ತಿನಲ್ಲಿ ಕೊಡಬೇಕಾದರೆ ಬಲ 23 ಕಿಲೋ ದಾಟುತ್ತದೆ. ಒಂದು ಸಲಕ್ಕೆ ಎರಡೂ ದೊಡ್ಡ ಮಾತಲ್ಲ. ಆದರೆ ಐದು ಗಂಟೆಯ ರೇಸಿನಲ್ಲಿ 90ರ ಲಯದಲ್ಲಿ ಒಂದೊಂದು ಕಾಲೂ 27 ಸಾವಿರ ಸಲ ತುಳಿಯುತ್ತದೆ. ಒಂದು ತುಳಿತದಲ್ಲಿ ಪೋಲಾಗುವ ಚೂರು ಅಲ್ಲಿ ಕಣಿವೆಯಷ್ಟು ಅಂತರವಾಗಿ ನಿಲ್ಲುತ್ತದೆ.

ಈಗ ಒಂದೇ ಒಂದು ಸುತ್ತನ್ನು ನಿಧಾನಿಸಿ ನೋಡಿ. ಸೈಕಲ್ಲನ್ನು ಅದರ ಬಲಗಡೆ ನಿಂತು ನೋಡಿದರೆ ಪೆಡಲ್ ಗಡಿಯಾರದ ಮುಳ್ಳಿನ ಹಾಗೆಯೇ ತಿರುಗುತ್ತದೆ. ಹನ್ನೆರಡು ಗಂಟೆಯ ಜಾಗದಲ್ಲಿ ಪಾದ ನೆತ್ತಿಯ ಮೇಲಿದೆ. ಅಲ್ಲಿ ಎಷ್ಟೇ ಜೋರಾಗಿ ಕೆಳಗೆ ಒತ್ತಿದರೂ ಬಲ ನೇರ ಅಚ್ಚಿನ ಮೇಲೆ ಬೀಳುತ್ತದೆ, ಚಕ್ರ ಕದಲುವುದಿಲ್ಲ. ಒಂದು ಗಂಟೆ ದಾಟುತ್ತಿದ್ದಂತೆ ತೊಡೆಯ ಮುಂಭಾಗದ ಸ್ನಾಯುಗಳು ಮಂಡಿಯನ್ನು ಚಾಚತೊಡಗುತ್ತವೆ, ಹಿಂದಿನಿಂದ ಪೃಷ್ಠದ ದಪ್ಪ ಸ್ನಾಯು ತೊಡೆಯನ್ನು ಕೆಳಕ್ಕೆ ತಳ್ಳುತ್ತದೆ. ಮೂರು ಗಂಟೆಯ ಹತ್ತಿರ, ಕ್ರ್ಯಾಂಕ್ ನೆಲಕ್ಕೆ ಸಮಾನಾಂತರವಾಗಿರುವಾಗ ಅಥವಾ ಅದನ್ನು ತುಸು ದಾಟಿದಾಗ, ತಿರುಗಿಸುವ ಬಲ ಶಿಖರ ಮುಟ್ಟುತ್ತದೆ. ಮೀನಖಂಡದ ಸ್ನಾಯು ಈ ಹೊತ್ತಿನಲ್ಲಿ ಹಿಮ್ಮಡಿಯ ಕೀಲನ್ನು ಬಿಗಿಹಿಡಿದಿರುತ್ತದೆ. ಅದು ಸಡಿಲಾದರೆ ತೊಡೆಯಿಂದ ಬಂದ ಬಲ ಪಾದದಲ್ಲೇ ಕರಗಿಹೋಗುತ್ತದೆ. ಐದು ಗಂಟೆಯ ಹೊತ್ತಿಗೆ ತೊಡೆಯ ಹಿಂಬದಿ ಮತ್ತು ಮೀನಖಂಡ ಸೇರಿ ಪಾದವನ್ನು ಹಿಂದಕ್ಕೆ ಒಯ್ಯುತ್ತವೆ. ಆರು ಗಂಟೆಯಲ್ಲಿ ಮತ್ತೆ ಬಲ ವ್ಯರ್ಥ: ಪಾದ ಪೆಡಲನ್ನು ಇನ್ನೂ ಒತ್ತುತ್ತಿದ್ದರೂ ಅದು ಕ್ರ್ಯಾಂಕನ್ನು ಉದ್ದಕ್ಕೆ ಎಳೆಯುತ್ತದೆಯೇ ಹೊರತು ತಿರುಗಿಸುವುದಿಲ್ಲ. ಮೇಲಿನ ಮತ್ತು ಕೆಳಗಿನ ಈ ಎರಡು ಜಾಗಗಳಿಗೆ ಎಂಜಿನಿಯರುಗಳು ಡೆಡ್ ಸೆಂಟರ್ ಎನ್ನುತ್ತಾರೆ. ಹಳ್ಳಿಯಲ್ಲಿ ದೊಡ್ಡವರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವರಿಗೆ ಈ ಜಾಗ ಕಾಲಿನ ನೆನಪಿನಲ್ಲೇ ಇರುತ್ತದೆ. ಸುತ್ತು ಪೂರ್ತಿ ಎಟುಕದ ಮಕ್ಕಳು ಅರ್ಧ ಪೆಡಲ್ ತುಳಿದು, ಹಿಂದಕ್ಕೆ ತಿರುಗಿಸಿ, ಮತ್ತೆ ಅರ್ಧ ತುಳಿದೇ ಊರು ಸುತ್ತುತ್ತಿದ್ದರು. ಬಲ ಹುಟ್ಟುವ ಅರ್ಧ ಯಾವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1991ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಅವರ ಮುಂದಿದ್ದವರು 15 ಜನ ಪಳಗಿದ ಸವಾರರು. ಒಂಬತ್ತು ಮಂದಿ ರಾಷ್ಟ್ರ ಮಟ್ಟದವರು, ಆರು ಮಂದಿ ರಾಜ್ಯ ಮಟ್ಟದವರು. ವಿಶೇಷವೆಂದರೆ, ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲುದು ಎಂಬ ಅಳತೆಯಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಆದರೂ 40 ಕಿಲೋಮೀಟರಿನ ಟೈಮ್ ಟ್ರಯಲ್‌ನಲ್ಲಿ ಮೊದಲ ಗುಂಪು ಸುಮಾರು ಶೇ 10ರಷ್ಟು ಮುಂದಿತ್ತು. ಶ್ವಾಸಕೋಶ, ಹೃದಯ ಒಂದೇ ತೂಕದವಾದರೆ ವ್ಯತ್ಯಾಸ ಬಂದದ್ದೆಲ್ಲಿಂದ? ಒಂದು ಭಾಗ ಸ್ನಾಯುವಿನ ಒಳಗೇ ಇತ್ತು: ಬೇಗ ದಣಿಯದ ನಿಧಾನ ಎಳೆಗಳೂ ಅವುಗಳಿಗೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳೂ ರಾಷ್ಟ್ರ ಮಟ್ಟದವರಲ್ಲಿ ಹೆಚ್ಚು. ಇನ್ನೊಂದು ಭಾಗ ಪೆಡಲ್ ಮೇಲೆ ಕಂಡಿತು. ಮೇಲಿನ ದರ್ಜೆಯವರು ಪೆಡಲನ್ನು ಹೆಚ್ಚು ನಯವಾಗಿ ತಿರುಗಿಸುತ್ತಿರಲಿಲ್ಲ, ಮೇಲಕ್ಕೆ ಹೆಚ್ಚು ಎಳೆಯುತ್ತಲೂ ಇರಲಿಲ್ಲ. ಕೆಳಗಿಳಿಯುವ ಅರ್ಧದಲ್ಲಿ ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು, ಅಷ್ಟೇ. ಸುತ್ತು ತಿರುಗಿಸುವ ಪಾಠ ನಿಜವಾಗಿದ್ದರೆ ಫಲಿತಾಂಶ ಇದಕ್ಕೆ ತದ್ವಿರುದ್ಧ ಬರಬೇಕಿತ್ತು.

ಇನ್ನೊಂದು ಪ್ರಶ್ನೆ ಉಳಿದೇ ಇತ್ತು. ಅಭ್ಯಾಸವಿಲ್ಲದ್ದರಿಂದ ಅವರು ಎಳೆಯುತ್ತಿಲ್ಲ, ಬೇಕೆಂದೇ ಎಳೆದರೆ ಲಾಭವಾದೀತೇ? 2007ರಲ್ಲಿ ಥಾಮಸ್ ಕಾರ್ಫ್ ಮತ್ತು ಸಂಗಡಿಗರು ಇದನ್ನೇ ಕೈಗೆತ್ತಿಕೊಂಡರು. ಎಂಟು ಸವಾರರು, 200 ವಾಟ್, ನಿಮಿಷಕ್ಕೆ 90 ಸುತ್ತು. ನಾಲ್ಕು ಬಗೆಯಲ್ಲಿ ತುಳಿಸಿದರು: ತಮಗೆ ರೂಢಿಯಾದ ಹಾಗೆ, ಸುತ್ತು ತಿರುಗಿಸುವ ಹಾಗೆ, ಮೇಲಕ್ಕೆ ಎಳೆಯುವ ಹಾಗೆ, ಕೆಳಗೆ ತುಳಿಯುವುದಕ್ಕೆ ಒತ್ತುಕೊಟ್ಟ ಹಾಗೆ. ಮೇಲಕ್ಕೆ ಎಳೆದಾಗ ಯಂತ್ರದ ಅಂಕಿ ಚೆನ್ನಾಗಿಯೇ ಬಂತು, ಪೆಡಲಿಗೆ ಹಾಕಿದ ಬಲದಲ್ಲಿ ಹೆಚ್ಚು ಪಾಲು ತಿರುಗಿಸುವ ಕೆಲಸಕ್ಕೇ ಹೋಯಿತು. ಆದರೆ ಸವಾರರ ಉಸಿರು ಬೇರೆ ಮಾತು ಹೇಳಿತು. ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್ ತಲುಪುವ ಪಾಲು ಶೇ 20ರ ಆಸುಪಾಸಿನಲ್ಲಿದ್ದದ್ದು 19ಕ್ಕೆ ಇಳಿಯಿತು. ಒಂದು ಅಂಕಿ ತಾನೇ ಎನ್ನುವಂತಿಲ್ಲ. ಅದೇ ವೇಗಕ್ಕೆ ಸುಮಾರು ಇಪ್ಪತ್ತನೇ ಒಂದು ಪಾಲು ಹೆಚ್ಚು ಇಂಧನ ಸುಡಬೇಕು ಎಂದು ಅದರ ಅರ್ಥ. ರೇಸಿನ ಕೊನೆಯ ಅರ್ಧ ಗಂಟೆಯಲ್ಲಿ ಆ ಪಾಲು ಇದ್ದವನು ಗುಂಪಿನಲ್ಲಿರುತ್ತಾನೆ, ಇಲ್ಲದವನು ಹಿಂದೆ ಬೀಳುತ್ತಾನೆ.

ಕಾರಣ ದೇಹದ ರಚನೆಯಲ್ಲೇ ಇದೆ. ಕುಕ್ಕರುಗಾಲಿನಿಂದ ಏಳುವುದಕ್ಕೆ, ಮೆಟ್ಟಿಲು ಹತ್ತುವುದಕ್ಕೆ, ಓಡುವುದಕ್ಕೆ ಕಾಲನ್ನು ಚಾಚುವ ಸ್ನಾಯುಗಳೇ ಬೇಕು. ಮನುಷ್ಯನ ಮೈಯಲ್ಲಿ ಅತ್ಯಂತ ದಪ್ಪಗಿರುವವೂ ಅವೇ. ಮಂಡಿಯನ್ನು ಎದೆಯ ಕಡೆಗೆ ಎತ್ತುವ ಸ್ನಾಯುಗಳು ತೆಳು, ನಡೆಯುವಾಗ ಕಾಲನ್ನು ಮುಂದಕ್ಕೆ ತರುವಷ್ಟು ಕೆಲಸಕ್ಕೆ ಸಾಕು. ದುಡಿಯುವ ಹಿರಿಯರನ್ನು ಬಿಟ್ಟು ಆ ಸಣ್ಣವಕ್ಕೆ ಗಂಟೆಗಟ್ಟಲೆ ಹೊರೆ ಹೊರಿಸಿದರೆ ಅವು ಬೇಗ ಕೈಚೆಲ್ಲುತ್ತವೆ.

ಈಗ ಅನೇಕರ ಹ್ಯಾಂಡಲ್ ಮೇಲೆ ಪುಟ್ಟ ಕಂಪ್ಯೂಟರ್ ಇರುತ್ತದೆ. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಕ್ರ್ಯಾಂಕಿಗೆ ಮಾಪಕ ಜೋಡಿಸಿ ಎಸ್‌ಆರ್‌ಎಂ ಪವರ್ ಮೀಟರ್ ತಯಾರಿಸಿದ ಮೇಲೆ, ಪ್ರಯೋಗಾಲಯದ ಲೆಕ್ಕ ರಸ್ತೆಗೆ ಬಂತು. ಇಂದಿನ ಪೆಡಲ್ ಮೀಟರುಗಳು ವಾಟ್ ಜೊತೆಗೆ ‘ಪೆಡಲ್ ಸ್ಮೂತ್‌ನೆಸ್’ ಎಂಬ ಅಂಕಿಯನ್ನೂ ಕೊಡುತ್ತವೆ. ಅದು ಬೇರೇನೂ ಅಲ್ಲ, ಸುತ್ತಿನ ಸರಾಸರಿ ಶಕ್ತಿಯನ್ನು ಆ ಸುತ್ತಿನ ಗರಿಷ್ಠ ಶಕ್ತಿಯಿಂದ ಭಾಗಿಸಿದ್ದು. ಸಾಮಾನ್ಯವಾಗಿ ಶೇ 10ರಿಂದ 40ರ ನಡುವೆ ಇರುತ್ತದೆ. ಅದು 20 ಇರುವುದನ್ನು ಕಂಡು ‘ನನ್ನ ತುಳಿತ ಕೆಟ್ಟಿದೆ’ ಎಂದು ಕೊರಗುವ ಸವಾರರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಜೋರಾಗಿ ತುಳಿಯುವವನ ಗರಿಷ್ಠ ಶಕ್ತಿ ಹೆಚ್ಚು, ಹಾಗಾಗಿ ಈ ಅಂಕಿ ತಾನಾಗಿಯೇ ಇಳಿಯುತ್ತದೆ. ಕಾಯ್ಲ್ ಕಂಡ ರಾಷ್ಟ್ರ ಮಟ್ಟದ ಸವಾರರಂತೆ ತುಳಿದವರಿಗೂ ಈ ಮೀಟರು ಕಡಿಮೆ ಅಂಕವನ್ನೇ ಕೊಟ್ಟೀತು.

ಮೀಟರು ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ಮೇಲೆ ಬರುವ ಕಾಲಿನ ಬಲವನ್ನು ಅದು ಋಣ ಸಂಖ್ಯೆಯಾಗಿ ತೋರಿಸುತ್ತದೆ. ಅಂದರೆ ಆ ಕಾಲು ಪೆಡಲನ್ನು ಉಲ್ಟಾ ಒತ್ತುತ್ತಿದೆ. ಆದರೆ 70 ಕಿಲೋ ತೂಗುವವನ ಒಂದು ಕಾಲೇ 11-12 ಕಿಲೋ ತೂಗುತ್ತದೆ. ಆ ಭಾರ ಮೇಲೆ ಬರುವಾಗ ಪೆಡಲ್ ಮೇಲೆ ಕೂರುವುದು ಸಹಜ, ಎದುರು ಬದಿಯಲ್ಲಿ ಇಳಿಯುತ್ತಿರುವ ಇನ್ನೊಂದು ಕಾಲಿನ ಭಾರ ಅದಕ್ಕೆ ಸರಿದೂಗುತ್ತದೆ. ಭಾರವನ್ನೂ ಕಾಲು ಬೀಸುವ ಜಡತ್ವವನ್ನೂ ಲೆಕ್ಕದಿಂದ ತೆಗೆದು ನೋಡಿದರೆ ಸ್ನಾಯು ಹಿಂಬದಿಯಲ್ಲಿ ಸ್ವಲ್ಪ ಎತ್ತುತ್ತಲೇ ಇರುತ್ತದೆ, ಪೂರ್ತಿ ಕಾಲನ್ನು ಹೊರುವಷ್ಟು ಎತ್ತುವುದಿಲ್ಲ, ಅಷ್ಟೇ. ಒಳ್ಳೆಯ ಕೋಚುಗಳು ‘ಎಳಿ’ ಎನ್ನುವುದಿಲ್ಲ, ‘ಕಾಲು ಹಗುರ ಬಿಡು’ ಎನ್ನುತ್ತಾರೆ. ಎರಡರ ನಡುವಿನ ವ್ಯತ್ಯಾಸವನ್ನು ತೊಡೆಸಂದಿಯ ಸ್ನಾಯು ಒಂದು ತಾಸಿನಲ್ಲಿ ತಿಳಿಸಿಕೊಡುತ್ತದೆ.

ಬಲ ಮತ್ತು ಲಯದ ಹೊಂದಾಣಿಕೆಯನ್ನು ಎಲ್ಲಕ್ಕಿಂತ ಸ್ವಚ್ಛವಾಗಿ ತೋರಿಸುವ ಸ್ಪರ್ಧೆ ಎಂದರೆ ಅವರ್ ರೆಕಾರ್ಡ್. ವೆಲೊಡ್ರೋಮ್‌ನಲ್ಲಿ ಒಬ್ಬನೇ, ಒಂದು ಗಂಟೆ, ಒಂದೇ ಗೇರು. ಫಿಕ್ಸೆಡ್ ಗೇರ್ ಆದ್ದರಿಂದ ಒಂದು ಕ್ಷಣವೂ ಕಾಲು ನಿಲ್ಲಿಸುವಂತಿಲ್ಲ. 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಎಡ್ಡಿ ಮರ್ಕ್ಸ್ 49.431 ಕಿಲೋಮೀಟರ್ ಸಾಗಿದರು. ಮುಂದೆ 52 ಹಲ್ಲು, ಹಿಂದೆ 14. ಚಕ್ರದ ಸುತ್ತಳತೆ 2.1 ಮೀಟರ್ ಎಂದು ಹಿಡಿದು ಲೆಕ್ಕ ಹಾಕಿದರೆ ನಿಮಿಷಕ್ಕೆ 105ರ ಆಸುಪಾಸು ಸುತ್ತು. 2022ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಗ್ರೆಂಚನ್‌ನಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ 56.792 ಕಿಲೋಮೀಟರ್ ಸಾಗಿದ್ದು 65ಕ್ಕೆ 14ರ ಗೇರಿನಲ್ಲಿ, ಸುಮಾರು 97 ಸುತ್ತಿನ ಲಯದಲ್ಲಿ. ವೇಗ ಏರಿದೆ, ಕಾಲಿನ ಲಯ ಇಳಿದಿದೆ, ಪ್ರತಿ ಸುತ್ತಿಗೆ ಸಾಗುವ ದೂರ ಹಿಗ್ಗಿದೆ.

ಇವರಿಬ್ಬರ ನಡುವೆ ನಿಲ್ಲುವವರು ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ. ಸೈಕಲ್ಲನ್ನು ತಾನೇ ಬೆಸೆದು ಕಟ್ಟಿದವರು, ವಾಷಿಂಗ್ ಮಷೀನಿನ ಬೇರಿಂಗನ್ನು ಅದರಲ್ಲಿ ಬಳಸಿದವರು. ಓಡುವಾಗ ನಡೆಯುವಾಗ ನಮ್ಮ ಪಾದಗಳು ಹತ್ತಿರ ಹತ್ತಿರ ಬೀಳುತ್ತವೆ, ಪೆಡಲ್ ಮೇಲೆ ಮಾತ್ರ ಯಾಕೆ ದೂರ ಇಡಬೇಕು ಎಂಬುದು ಅವರ ತರ್ಕ. ಹಾಗೆಂದು ಎರಡು ಪೆಡಲುಗಳ ನಡುವಿನ ಅಗಲವನ್ನು ಕಿರಿದುಗೊಳಿಸಿದರು, ಮಂಡಿಗಳಿಗೆ ತಾಗದಂತೆ ಫ್ರೇಮಿನ ಮೇಲಿನ ಅಡ್ಡಕೊಳವೆಯನ್ನೇ ತೆಗೆದುಹಾಕಿದರು. 1993ರ ಜುಲೈ 16ರಂದು ನಾರ್ವೆಯ ಹಮಾರ್‌ನಲ್ಲಿ ಮೊದಲ ಪ್ರಯತ್ನ ಸೋತಿತು. ಅಂಥ ಒಂದು ಗಂಟೆಯ ನಂತರ ಯಾರಾದರೂ ವಾರಗಟ್ಟಲೆ ವಿಶ್ರಾಂತಿ ಬಯಸುತ್ತಾರೆ. ಒಬ್ರಿ ಮರುದಿನ ಬೆಳಿಗ್ಗೆಯೇ ಮತ್ತೆ ಇಳಿದು 51.596 ಕಿಲೋಮೀಟರ್ ಸಾಗಿ ದಾಖಲೆ ಮುರಿದರು. ಗೇರು 52ಕ್ಕೆ 12, ಲಯ 95ರ ಆಸುಪಾಸು, ಆ ಕಾಲಕ್ಕೆ ಅದು ಭಾರಿ ಗೇರು. ಆರೇ ದಿನಕ್ಕೆ ಬೋರ್ಡೊದಲ್ಲಿ ಕ್ರಿಸ್ ಬೋರ್ಡ್‌ಮನ್ ಆ ದಾಖಲೆ ಮುರಿದರೆನ್ನುವುದು ನಿಜ, ಆದರೆ ಬಲ ಎಲ್ಲಿ ಹಾಕಬೇಕೆಂಬುದನ್ನು ಪುಸ್ತಕ ಬದಿಗಿಟ್ಟು ತನ್ನ ಮೈಯನ್ನೇ ಕೇಳಿದ ಒಬ್ರಿ ಅವರ ಧೈರ್ಯ ನನ್ನ ಮಟ್ಟಿಗೆ ಆ ದಾಖಲೆಗಿಂತ ದೊಡ್ಡದು.

ಹಾಗಾದರೆ ನಿಮಿಷಕ್ಕೆ ಎಷ್ಟು ಸುತ್ತು ಸರಿ? ಪ್ರಯೋಗಾಲಯದಲ್ಲಿ ಹಗುರ ಕೆಲಸಕ್ಕೆ ಅತಿ ಕಡಿಮೆ ಆಮ್ಲಜನಕ ಬೇಡುವುದು 60ರ ಆಸುಪಾಸಿನ ನಿಧಾನ ಲಯ. ಆದರೂ ಪಳಗಿದ ಸವಾರರು ತಾವಾಗಿಯೇ 90ಕ್ಕೆ ಬಂದು ನಿಲ್ಲುತ್ತಾರೆ. 1992ರ ಒಂದು ಪ್ರಯೋಗ ಇದರ ಗುಟ್ಟು ಬಿಡಿಸಿತು: ಅದೇ ಶಕ್ತಿಯನ್ನು 50ರ ಲಯದಲ್ಲಿ ಕೊಟ್ಟಾಗ 100ರ ಲಯಕ್ಕಿಂತ ಹೆಚ್ಚಾಗಿ ವೇಗದ ಸ್ನಾಯು ಎಳೆಗಳ ಇಂಧನದ ದಾಸ್ತಾನು ಬರಿದಾಯಿತು. ಜೋರು ತುಳಿತಕ್ಕೆ ವೇಗದ ಎಳೆಗಳು ಬೇಕು, ಅವು ಬೇಗ ಸೋಲುತ್ತವೆ. ಲಯ ಹೆಚ್ಚಿಸಿದರೆ ಉಸಿರಿನ ಖರ್ಚು ತುಸು ಹೆಚ್ಚಿದರೂ ಕೊನೆಯ ಸ್ಪ್ರಿಂಟಿಗೆ ಬೇಕಾದ ಎಳೆಗಳು ಉಳಿದಿರುತ್ತವೆ. 2001ರಲ್ಲಿ ಸ್ಪೇನಿನ ಅಲೆಹಾಂದ್ರೊ ಲೂಸಿಯಾ ಮತ್ತು ಸಂಗಡಿಗರು ದೊಡ್ಡ ಟೂರುಗಳ ವೃತ್ತಿಪರರನ್ನು ಅಳೆದಾಗ ಸಮತಟ್ಟಿನಲ್ಲಿ ಮತ್ತು ಟೈಮ್ ಟ್ರಯಲ್‌ನಲ್ಲಿ 90ರ ಆಸುಪಾಸು, ದೊಡ್ಡ ಬೆಟ್ಟಗಳಲ್ಲಿ 70ರ ಆಸುಪಾಸು ಕಂಡಿತು. ಅದೇ ಕಾಲದಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಬೆಟ್ಟದಲ್ಲೂ ಸರಸರನೆ ತಿರುಗಿಸುವುದನ್ನು ಟಿವಿಯಲ್ಲಿ ನೋಡಿ ಜಗತ್ತೇ ಅನುಕರಿಸಿತು. ಉದ್ದೀಪನ ಮದ್ದಿನ ಕಾರಣಕ್ಕೆ 2012ರಲ್ಲಿ ಅವರ ಏಳೂ ಟೂರ್ ಪ್ರಶಸ್ತಿಗಳನ್ನು ರದ್ದುಮಾಡಿದರು. ಅವರ ಲಯವನ್ನು ಮಾದರಿಯಾಗಿ ಇಟ್ಟುಕೊಳ್ಳಲು ಈಗ ಯಾವ ಕಾರಣವೂ ಉಳಿದಿಲ್ಲ.

ಪಾದದ ಭಂಗಿಯ ಬಗ್ಗೆಯೂ ಒಂದೇ ನಿಯಮ ಇಲ್ಲ. ನೆತ್ತಿಯಲ್ಲಿ ಹಿಮ್ಮಡಿ ಇಳಿಸು, ತಳದಲ್ಲಿ ಬೆರಳು ಇಳಿಸು ಎಂದು ಹಳೆಯ ಕೈಪಿಡಿಗಳು ಕಲಿಸುತ್ತಿದ್ದವು. ಐದು ಬಾರಿ ಟೂರ್ ಗೆದ್ದ ಫ್ರಾನ್ಸಿನ ಜಾಕ್ ಆಂಕೆತಿಲ್ ಸುತ್ತಿನುದ್ದಕ್ಕೂ ಬೆರಳ ತುದಿಯನ್ನು ಕೆಳಗೆ ಚಾಚಿಯೇ ತುಳಿಯುತ್ತಿದ್ದರು. ನಂದಿ ಬೆಟ್ಟದ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ, ಏರು ಕಡಿದಾಗುವ ಮೇಲಿನ ತಿರುವುಗಳ ಹತ್ತಿರ ನಿಂತು ಸವಾರರ ಮುಖ ಬಿಟ್ಟು ಹಿಮ್ಮಡಿಗಳನ್ನು ನೋಡಿ. ಒಬ್ಬರದು ಮೇಲೆ, ಒಬ್ಬರದು ಕೆಳಗೆ, ಇಬ್ಬರೂ ಜೊತೆಜೊತೆಗೇ ಏರುತ್ತಿರುತ್ತಾರೆ. ದಣಿದವರಲ್ಲಿ ಮಾತ್ರ ಒಂದು ಸಾಮಾನ್ಯ ಚಿಹ್ನೆ ಕಾಣುತ್ತದೆ: ಪ್ರತಿ ಡೆಡ್ ಸೆಂಟರಿನಲ್ಲೂ ಸೈಕಲ್ ಒಂದು ಚಣ ತಡೆದು ಮುಂದೆ ಜಿಗಿಯುತ್ತದೆ. ಸಮತಟ್ಟಿನಲ್ಲಿ 40 ಕಿಲೋಮೀಟರ್ ವೇಗದಲ್ಲಿರುವಾಗ ಸೈಕಲ್ಲಿನ ಓಟವೇ ಕಾಲನ್ನು ಆ ಜಾಗ ದಾಟಿಸುತ್ತದೆ. ಏರಿನಲ್ಲಿ ಆ ಸಹಾಯ ಸಿಗುವುದಿಲ್ಲ. ಅಲ್ಲಿ ಬೇಕಾದದ್ದು ಇನ್ನೂ ಹಗುರವಾದ ಗೇರು, ಎಳೆಯುವ ಕಲೆಯಲ್ಲ.

ಡೆಡ್ ಸೆಂಟರನ್ನು ಲೋಹದಲ್ಲೇ ಸರಿಪಡಿಸಲು ಹೊರಟವರೂ ಇದ್ದಾರೆ. 1980ರ ದಶಕದಲ್ಲಿ ಶಿಮಾನೊ ಕಂಪನಿ ಬಯೋಪೇಸ್ ಎಂಬ ಮೊಟ್ಟೆಯಾಕಾರದ ಚೈನ್‌ರಿಂಗ್ ತಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. 2012ರಲ್ಲಿ ಬ್ರಾಡ್ಲಿ ವಿಗಿನ್ಸ್ ಆಸಿಮೆಟ್ರಿಕ್ ಎಂಬ ಇನ್ನೊಂದು ಬಗೆಯ ರಿಂಗಿನಲ್ಲಿ ಟೂರ್ ಗೆದ್ದಾಗ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಮರುವರ್ಷ ವಿಗಿನ್ಸ್ ದುಂಡು ರಿಂಗಿಗೆ ಮರಳಿದರು, ಕ್ರಿಸ್ ಫ್ರೂಮ್ ಮಾತ್ರ ಅದರಲ್ಲೇ ಟೂರುಗಳನ್ನು ಗೆಲ್ಲುತ್ತ ಹೋದರು. ಮನಸ್ಸಿಗೆ ಒಗ್ಗಿದರೆ ಬಳಸಬಹುದು, ಅದರಿಂದ ಸೋತವನು ಗೆಲ್ಲುವುದಿಲ್ಲ.

ಎಳೆಯುವುದಕ್ಕೆ ನಿಜವಾದ ಜಾಗವೂ ಇದೆ, ಅದನ್ನು ಮರೆಮಾಚಬಾರದು. ಟ್ರ್ಯಾಕ್‌ನ ನಿಂತಲ್ಲಿಂದ ಹೊರಡುವ ಸ್ಪರ್ಧೆಗಳಲ್ಲಿ ಹಿಂಚಕ್ರವನ್ನು ಗೇಟ್ ಹಿಡಿದಿರುತ್ತದೆ. ಕ್ಷಣಗಣನೆ ಮುಗಿಯುತ್ತಿದ್ದಂತೆ ಸವಾರ ಸೊಂಟವನ್ನು ಹಿಂದಕ್ಕೆ ಒಯ್ದು ಒಮ್ಮೆಗೇ ಮುಂದಕ್ಕೆ ಎಸೆಯುತ್ತಾನೆ. ಮುಂಗಾಲು ಭಾರಿ ಗೇರನ್ನು ತುಳಿಯುತ್ತದೆ, ಹಿಂಗಾಲು ಅಷ್ಟೇ ರಭಸದಿಂದ ಮೇಲಕ್ಕೆಳೆಯುತ್ತದೆ, ಕೈಗಳು ಹ್ಯಾಂಡಲ್ಲನ್ನು ಎದೆಗೆ ಎಳೆಯುತ್ತವೆ. ಎಳೆತಕ್ಕೆ ಬೂಟು ಕಿತ್ತು ಬರದಿರಲೆಂದು ಕ್ಲಿಪ್ ಪೆಡಲಿನ ಮೇಲೆ ಚರ್ಮದ ಪಟ್ಟಿಯನ್ನೂ ಬಿಗಿಯುವವರಿದ್ದಾರೆ. ಕೆಲವೇ ಸೆಕೆಂಡುಗಳ ಕೆಲಸವಾದ್ದರಿಂದ ಅಲ್ಲಿ ಆಮ್ಲಜನಕದ ಖರ್ಚು ಯಾರಿಗೂ ಲೆಕ್ಕಕ್ಕಿಲ್ಲ. 2022ರ ಜೂನಿನಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಮಣಿಪುರದ ರೊನಾಲ್ಡೊ ಸಿಂಗ್ ಲೈತೊಂಜಮ್ ಇದೇ ಬಗೆಯ ಒಂದು ಕಿಲೋಮೀಟರ್ ಟೈಮ್ ಟ್ರಯಲ್‌ನಲ್ಲಿ ಕಂಚು, ಸ್ಪ್ರಿಂಟ್‌ನಲ್ಲಿ ಬೆಳ್ಳಿ ಗೆದ್ದರು. ಸ್ಪ್ರಿಂಟ್ ಬೆಳ್ಳಿ ಏಷ್ಯನ್ ಚಾಂಪಿಯನ್‌ಶಿಪ್‌ನ ಹಿರಿಯರ ವಿಭಾಗದಲ್ಲಿ ಭಾರತೀಯ ಸೈಕ್ಲಿಂಗ್ ಅದುವರೆಗೆ ಕಂಡಿರದ ಎತ್ತರ.

ನಮ್ಮಲ್ಲಿ ವಿಜಯಪುರ, ಬಾಗಲಕೋಟೆ ಸೀಮೆ ಸೈಕ್ಲಿಂಗಿನ ತವರು. ರಾಷ್ಟ್ರೀಯ ಕೂಟಗಳಿಗೆ ಅಲ್ಲಿಂದ ಹೋಗಿ ಪದಕ ತಂದ ಮಕ್ಕಳು ಎಷ್ಟೋ ಜನ. ಎದುರುಗಾಳಿಯ ಬಯಲಿನಲ್ಲಿ ಬೆಳೆದ ಆ ಕಾಲುಗಳಿಗೆ ತುಳಿಯುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಸೀಟಿನ ಎತ್ತರ ಸರಿಯಿರಬೇಕು: ಪೆಡಲ್ ತಳದಲ್ಲಿರುವಾಗ ಮಂಡಿ 25ರಿಂದ 35 ಡಿಗ್ರಿ ಬಾಗಿದ್ದರೆ ಸಾಕು. ಅಳೆಯುವ ಉಪಕರಣ ಇಲ್ಲದಿದ್ದರೆ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ ಕಾಲು ನೆಟ್ಟಗಾಗುವಷ್ಟು ಎತ್ತರ ಇಟ್ಟರಾಯಿತು, ಬೂಟಿನ ಮುಂಪಾದ ಪೆಡಲಿಗೆ ಬಂದಾಗ ಬೇಕಾದ ಬಾಗು ತಾನಾಗಿ ಸಿಗುತ್ತದೆ. ಸೀಟು ತಗ್ಗಾಗಿದ್ದರೆ ಮಂಡಿ ನೋಯುತ್ತದೆ, ಹೆಚ್ಚಾಗಿದ್ದರೆ ಸೊಂಟ ಅತ್ತಿತ್ತ ತೂಗಿ ಬಲವೆಲ್ಲ ಹಂಚಿಹೋಗುತ್ತದೆ.

ಆಮೇಲೆ ಕ್ರ್ಯಾಂಕ್. ಉದ್ದ ಕ್ರ್ಯಾಂಕ್ ಎಂದರೆ ಹೆಚ್ಚು ಬಲ ಎಂಬ ನಂಬಿಕೆ ಗಟ್ಟಿಯಾಗಿತ್ತು. 1994ರ ಅವರ್ ರೆಕಾರ್ಡಿಗೆ ಎತ್ತರದ ಆಳು ಮಿಗೆಲ್ ಇಂದುರೈನ್ 190 ಮಿಲಿಮೀಟರಿನದನ್ನು ಹಾಕಿಸಿದ್ದರು. 2001ರಲ್ಲಿ ಜಿಮ್ ಮಾರ್ಟಿನ್ ಮತ್ತು ವನೀನ್ ಸ್ಪಿರ್ಡುಸೊ 120ರಿಂದ 220 ಮಿಲಿಮೀಟರ್‌ವರೆಗೆ ಐದು ಅಳತೆ ಹಾಕಿ ನೋಡಿದರು. ಗರಿಷ್ಠ ಶಕ್ತಿಯಲ್ಲಿ ಕಂಡ ವ್ಯತ್ಯಾಸ ಸುಮಾರು ಶೇ 4 ಮಾತ್ರ, ಅದೂ ಎರಡು ತುದಿಗಳಲ್ಲಿ. ಕ್ರ್ಯಾಂಕ್ ಗಿಡ್ಡವಾದರೆ ಮಂಡಿ ಎದೆಗೆ ಅಷ್ಟು ಹತ್ತಿರ ಬರುವುದಿಲ್ಲ, ಬಗ್ಗಿ ಕೂತರೂ ಸೊಂಟದ ಕೀಲಿಗೆ ಜಾಗ ಉಳಿಯುತ್ತದೆ. 2024ರಲ್ಲಿ ತದೇಯ್ ಪೊಗಾಚರ್ ಇಟಲಿಯ ಜಿರೊ ಮತ್ತು ಟೂರ್ ಎರಡನ್ನೂ ಗೆದ್ದದ್ದು 165 ಮಿಲಿಮೀಟರ್ ಕ್ರ್ಯಾಂಕಿನಲ್ಲಿ. ಅವರ ಎತ್ತರ ಐದೂಮುಕ್ಕಾಲು ಅಡಿಗಿಂತ ಹೆಚ್ಚು. ಐದಡಿಯೂ ಇಲ್ಲದ ಹದಿಮೂರು ಹದಿನಾಲ್ಕರ ಹುಡುಗಿ ದೊಡ್ಡವರ ಸೈಕಲ್ಲಿಗೆ ಬಂದ 170 ಅಥವಾ 172.5ರ ಕ್ರ್ಯಾಂಕನ್ನೇ ತಿರುಗಿಸುತ್ತ, ನೆತ್ತಿಯಲ್ಲಿ ಮಂಡಿ ಎದೆಗೆ ಬಡಿಯುವಾಗ ಸೊಂಟ ಎತ್ತಿ ದಾಟಿಸುತ್ತಿರುತ್ತಾಳೆ. ಅವಳ ಸುತ್ತು ನಯವಾಗಿಲ್ಲ ಎಂದು ಗದರಿಸುವುದಕ್ಕಿಂತ ಮೊದಲು ಅವಳ ಸೈಕಲ್ಲಿಗೆ 155 ಅಥವಾ 160ರ ಕ್ರ್ಯಾಂಕ್ ಹಾಕಿಸಿಕೊಡಬೇಕು. ಸೈಕ್ಲಿಂಗ್ ಹಾಸ್ಟೆಲುಗಳಿಗೆ ಸಾಮಗ್ರಿ ಖರೀದಿಸುವವರು ಮುಂದಿನ ಪಟ್ಟಿಯಲ್ಲಿ ಆ ಅಳತೆಗಳನ್ನು ಬರೆಯಲಿ.